ಕಂಬದ ಹತ್ತಿರದ ಜಾಗ

ನಮ್ಮ ಯಜಮಾನರದ್ದು ಫೋಟೋ ಸ್ಟುಡಿಯೋ. ಪಾಸ್‌ಪೋರ್ಟ್ ಸೈಜಿನ ಫೋಟೋಗಳಿಂದಲೇ ನಮ್ಮ ಸಂಸಾರ ಸಾಗಿತು. ವರ್ಷಕ್ಕೊಮ್ಮೆ ಊರಿನಲ್ಲಿ ದೊಡ್ಡ ಸೈಕಲ್ ರೇಸ್. ಅಂದು ಮಾತ್ರ ಪೇಪರಿನವರಿಗೆ ಫೋಟೋ ತೆಗೆದುಕೊಡುತ್ತಿದ್ದರು. ಅದಕ್ಕೆ ದೂರದ್ದನ್ನು ಹತ್ತಿರ ತರುವ ಉದ್ದನೆಯ ಲೆನ್ಸ್ ಬೇಕು. ಕೊಳ್ಳುವುದು ನಮ್ಮ ಕೈಲಾಗದ ಮಾತು. ಬಾಡಿಗೆಗೆ ತರುತ್ತಿದ್ದರು. ಊರಿಗೆಲ್ಲ ಅಂಥದ್ದು ಇದ್ದದ್ದು ಒಂದೇ. ಎದೆಗವಚಿಕೊಂಡು ಮನೆಗೆ ಬರುತ್ತಿದ್ದರು. ಮಗಳು ಹುಟ್ಟಿದಾಗಲೂ ಅಷ್ಟು ಜೋಪಾನವಾಗಿ ಎತ್ತಿಕೊಂಡವರಲ್ಲ.

ಮಾತು ಕಡಿಮೆ. ಊಟ ಹೇಗಿದೆ ಅಂದರೆ "ಹೂಂ". ಹೊಸ ಬಟ್ಟೆ ತೋರಿಸಿದರೂ "ಹೂಂ". ಆದರೆ ರೇಸಿನ ದಿನ ನಾನಿಲ್ಲದೆ ಕೆಲಸ ಸಾಗುತ್ತಿರಲಿಲ್ಲ. ಅವರು ಸೇತುವೆಯ ಆಚೆ ತುದಿಯ ಮೆಟ್ಟಿಲ ಮೇಲೆ. ನಾನು ಈಚೆ ತುದಿಯ ದೀಪದ ಕಂಬದ ಹತ್ತಿರ. ಸೈಕಲ್ಲುಗಳು ತಿರುವು ಕಳೆದು ಮೊದಲು ಕಾಣುವುದು ಅಲ್ಲೇ. ರೇಸಿಗೆ ಮುಂಚೆ ನನ್ನ ಮುಖಕ್ಕೆ ಲೆನ್ಸ್ ಹಿಡಿದು ಫೋಕಸ್ ಕೂರಿಸುತ್ತಿದ್ದರು. ಫೋನಿನಲ್ಲಿ, "ಸ್ವಲ್ಪ ಎಡಕ್ಕೆ. ಹಾಂ. ಅಲ್ಲಾಡಬೇಡ." ವರ್ಷದಲ್ಲಿ ನನ್ನನ್ನು ನೆಟ್ಟಗೆ ನೋಡುತ್ತಿದ್ದದ್ದು ಅಷ್ಟು ಹೊತ್ತು. ಅದೂ ಅಷ್ಟು ದೂರದಿಂದ.

ಅವರು ಹೋದರು. ಎದೆನೋವು ಅಂತ ಕೂತವರು ಏಳಲಿಲ್ಲ. ಸ್ಟುಡಿಯೋ ಮೈದುನನ ಕೈಗೆ ಹೋಯಿತು. ಮುಂದಿನ ರೇಸಿಗೆ ಅದೇ ಲೆನ್ಸ್ ತಂದ, ಅದೇ ಮೆಟ್ಟಿಲು ಹತ್ತಿದ. ತಡೆದುಕೊಂಡೆ. ಆದರೆ ಕಂಬದ ಹತ್ತಿರ ಅವನ ಹೆಂಡತಿ ನಿಂತಿದ್ದಳು. ಛತ್ರಿ ಬೇರೆ. ಫೋನ್ ಕಿವಿಗಿಟ್ಟುಕೊಂಡು ನಗುತ್ತಿದ್ದಳು. ರೇಸ್ ನೋಡದೆ ಮನೆಗೆ ಬಂದುಬಿಟ್ಟೆ.

ಈ ವರ್ಷ ಬಾಡಿಗೆ ಅಂಗಡಿಗೆ ನಾನೇ ಮೊದಲು ಹೋದೆ.

"ನಿಮಗ್ಯಾಕಮ್ಮ ಇದು? ಕ್ಯಾಮೆರಾ ಹಿಡಿಯೋಕೆ ಬರುತ್ತಾ?" ಅಂದ ಅಂಗಡಿಯವನು.

"ಬಾಡಿಗೆ ಕೊಡ್ತೀನಲ್ಲ. ಹಿಡಿಯೋದು ಬಿಡೋದು ನನ್ನಿಷ್ಟ."

ರೇಸಿನ ಬೆಳಗ್ಗೆ ಲೆನ್ಸಿನ ಚೀಲ ಮಡಿಲಲ್ಲಿಟ್ಟುಕೊಂಡು ಅವರ ಮೆಟ್ಟಿಲ ಮೇಲೆ ಕೂತೆ. ಮೈದುನ ಬಂದ. ಕುತ್ತಿಗೆಯಲ್ಲಿ ಗಿಡ್ಡ ಲೆನ್ಸಿನ ಕ್ಯಾಮೆರಾ. ಹಿಂದೆ ಛತ್ರಿ ಹಿಡಿದ ಹೆಂಡತಿ.

"ಅತ್ತಿಗೆ, ನಿಮ್ಮ ಹತ್ರ ಇದೆಯಾ ಇದು? ನಾನು ಊರೆಲ್ಲ ಅಲೆದೆ. ಈ ಗಿಡ್ಡದರಲ್ಲಿ ತೆಗೆದ್ರೆ ಸೈಕಲ್ಲೆಲ್ಲ ಇರುವೆ ಥರ ಕಾಣುತ್ತೆ."

"ಇರುವೆ ಫೋಟೋನೇ ಕೊಡು ಪೇಪರಿನವರಿಗೆ."

"ಮುಂದಿನ ಸಲ ಬೇರೆಯವರನ್ನ ಕರೀತಾರೆ ಅಷ್ಟೆ. ಅಣ್ಣ ಕಷ್ಟಪಟ್ಟು ಹಿಡಿದ ಕೆಲಸ ಅತ್ತಿಗೆ ಇದು."

ಅಣ್ಣನ ಮಾತು ಎತ್ತಿದ. ಅಲ್ಲಿಗೆ ಸೋತೆ. ಆದರೂ ಸುಮ್ಮನೆ ಕೊಡಲಿಲ್ಲ.

"ಕಂಬದ ಹತ್ರ ನಾನು ನಿಲ್ತೀನಿ."

ವಾರಗಿತ್ತಿ ಗಂಡನ ಮುಖ ನೋಡಿದಳು. "ಅಕ್ಕಾ, ಬಿಸಿಲು ಜೋರಿದೆ."

"ಅದಕ್ಕೇ ಹೇಳಿದ್ದು. ಕಪ್ಪಾಗ್ತೀಯ. ನೆರಳಿಗೆ ಹೋಗು."

ಲೆನ್ಸಿನ ಚೀಲ ಮೈದುನನ ಕೈಗಿಟ್ಟು, ಸೇತುವೆ ದಾಟಿ ಕಂಬದ ಹತ್ತಿರ ನಿಂತೆ. ಫೋನ್ ಬಂತು. "ಸ್ವಲ್ಪ ಎಡಕ್ಕೆ." ಅಣ್ಣ ತಮ್ಮಂದಿರದು ಒಂದೇ ಗಂಟಲು. ಕಾಲು ತಾನಾಗಿ ಸರಿಯಿತು. "ಹಾಂ, ಸಾಕು ಅತ್ತಿಗೆ." ಅತ್ತಿಗೆ ಅಂದ ಮೇಲೆ ಅದು ಅವರಲ್ಲ.

ಸೈಕಲ್ಲುಗಳು ಬಂದವು, ಹೋದವು. ಮರುದಿನ ಪೇಪರಿನಲ್ಲಿ ಮೈದುನ ತೆಗೆದ ಫೋಟೋ ಬಂತು. ಸಂಜೆ ಅವನು ಇನ್ನೊಂದು ತಂದುಕೊಟ್ಟ. ಕಂಬದ ಹತ್ತಿರ ಮುಖ ಗಂಟಿಕ್ಕಿಕೊಂಡು ನಿಂತ ನಾನು. ಹಣೆಯ ಬೆವರು ಕೂಡ ಕಾಣುತ್ತದೆ.

ನಮ್ಮವರು ಪ್ರತಿ ಸಲವೂ ನನ್ನದನ್ನು ತೆಗೆದು ಅಲ್ಲೇ ಅಳಿಸಿಬಿಡುತ್ತಿದ್ದರು. ಕ್ಯಾಮೆರಾದ ಕಾರ್ಡಿನಲ್ಲಿ ಜಾಗ ಸಾಲದು ಅಂತ. ಅವರ ಕೈಯದು ಒಂದೂ ಉಳಿದಿಲ್ಲ. ಇವನದು ಗೋಡೆಯ ಮೇಲಿದೆ. ಚೆನ್ನಾಗಿಯೇ ಬಂದಿದೆ. ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ. ಆದರೆ ಅಲ್ಲಿಂದ ತೆಗೆಯಲು ಕೈ ಬರುವುದಿಲ್ಲ.