ಕೇಳಿದ ಸೇತುವೆ, ಹೋದ ಹರಿಗೋಲು

ಆಷಾಢದ ಮೊದಲ ವಾರ ಧಾರವಾಡದಿಂದ ಹೊರಟೆ. ಬಿಜಾಪುರ ಜಿಲ್ಲೆಯ ಲೋಕಸಭಾ ಸದಸ್ಯರೊಬ್ಬರು ದಿಲ್ಲಿಯಲ್ಲಿ ಕೇಳಿದ ಮೂರು ಪ್ರಶ್ನೆಗಳನ್ನೂ ಅವುಗಳಿಗೆ ಸಚಿವರು ಕೊಟ್ಟ ಉತ್ತರಗಳನ್ನೂ ನಾನು ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಓದಿದ್ದೆ. ಪ್ರಶ್ನೆಗಳನ್ನು ಸದಸ್ಯರು ಕರಪತ್ರ ಹಾಕಿಸಿ ಹಂಚಿದ್ದರು. ಉತ್ತರಗಳನ್ನು ಯಾರಿಗಾದರೂ ಹೇಳಿದ್ದಾರೆಯೇ ಎಂದು ನೋಡಬೇಕಿತ್ತು.

ಬಿಜಾಪುರದಿಂದ ಇಂಡಿಗೆ ಬಸ್ ಚಾರ್ಜು ಎರಡು ರೂಪಾಯಿ ಚಿಲ್ಲರೆ. ಅಲ್ಲಿ ಲಿಂಬೆಹಣ್ಣಿನ ವ್ಯಾಪಾರಿಯೊಬ್ಬರನ್ನು ಕಂಡೆ. ಹಣ್ಣು ಬೇಗ ಸೊಲ್ಲಾಪುರ ಮುಟ್ಟಲೆಂದು ಮೇಲ್ ಗಾಡಿ ಹತ್ತಿರದ ಲಚ್ಯಾಣ ಸ್ಟೇಷನ್ನಿನಲ್ಲಿ ನಿಲ್ಲಬೇಕೆಂಬುದು ಮೊದಲ ಪ್ರಶ್ನೆ. “ಕೇಳ್ಯಾರಲ್ರಿ, ಇನ್ನೇನು ನಿಲ್ಲತೈತಿ” ಎಂದರು. ಅಷ್ಟು ಆದಾಯವಿಲ್ಲವೆಂದು ರೈಲ್ವೆ ಸಚಿವರು ನಿರಾಕರಿಸಿದ್ದನ್ನು ತಿಳಿಸಿದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, “ನೀವು ಯಾ ಪಾರ್ಟಿಯವರ್ರಿ?” ಎಂದು ಕೇಳಿದರು.

ಮರುದಿನ ಸಿಂದಗಿಯ ದಾರಿಯಲ್ಲಿ ಮಳೆ. ಎರೆಮಣ್ಣಿನಲ್ಲಿ ಹೂತ ಬಸ್ಸನ್ನು ನಾವೇ ನೂಕಿದೆವು. ಅಲ್ಲಿನ ಹಳ್ಳಿಗಳಿಗೆ ಟೆಲಿಫೋನ್ ಬೇಕೆಂಬುದು ಎರಡನೆಯ ಪ್ರಶ್ನೆ. ಬಿಸಿ ರೊಟ್ಟಿ, ಪುಂಡಿಪಲ್ಲೆ ಬಡಿಸುತ್ತ ಖಾನಾವಳಿಯ ಮಾಲೀಕ ನಕ್ಕ: “ಫೋನ್ ಬಂದಿಲ್ರಿ. ಫೋನ್ ಕೇಳಿದವರ ಫೋಟೋ ಬಂದೈತಿ, ಅಲ್ಲಿ ಗ್ವಾಡಿಗಿ ಹಚ್ಚೇನಿ.” ನಗು ನನಗೆ ಬರಲಿಲ್ಲ.

ಬಸವನ ಬಾಗೇವಾಡಿಯಲ್ಲಿ ಬಸ್ ಬದಲಿಸಿ ಮುದ್ದೇಬಿಹಾಳಕ್ಕೆ ಬಂದೆ. ಅಲ್ಲಿಂದ ಚಕ್ಕಡಿಯಲ್ಲಿ ಕೃಷ್ಣೆಯ ದಂಡೆಯ ಒಂದು ಹಳ್ಳಿಗೆ ಹೋದೆ. ಅದರ ಹೆಸರು ಬರೆಯುವುದಿಲ್ಲ. ಬರೆದರೆ ಅಲ್ಲಿಗೂ ಫೋಟೋ ಬಂದೀತು. ಮೂರನೆಯ ಪ್ರಶ್ನೆ ಅಲ್ಲಿಗೆ ಬೇಕಾದ ಸೇತುವೆಯದು.

ಹೊಳೆ ಕೆಂಪಾಗಿ ತುಂಬಿ ಹರಿಯುತ್ತಿತ್ತು. ದಂಡೆಯ ಮೇಲೆ ಹರಿಗೋಲಿನ ಬಿದಿರಿನ ಹಂದರವೊಂದು ಬೋರಲು ಬಿದ್ದು ಕೊಳೆಯುತ್ತಿತ್ತು. ಆ ಊರಿನ ಪದ್ಧತಿಯಂತೆ ಅಂಬಿಗನಿಗೆ ದಾಟಿದಾಗ ಕಾಸು ಕೊಡುವುದಿಲ್ಲ. ರಾಶಿಯ ಕಾಲಕ್ಕೆ ಪ್ರತಿ ಮನೆಯಿಂದ ಜೋಳದ ಆಯ ಕೊಡುತ್ತಾರೆ. ಮಳೆಗಾಲಕ್ಕೆ ಮೊದಲು ಊರೇ ಸೇರಿ ಹರಿಗೋಲಿಗೆ ಹೊಸ ತೊಗಲು ಕಟ್ಟಿಸುತ್ತದೆ. ಸೇತುವೆಯ ಕರಪತ್ರ ಬಂದ ವರ್ಷ ಊರು ಎರಡನ್ನೂ ನಿಲ್ಲಿಸಿತು. ಅಂಬಿಗ ಯಲ್ಲಪ್ಪ ಆಲಮಟ್ಟಿಗೆ ಹೋಗಿ ಅಣೆಕಟ್ಟಿನ ಕಲ್ಲು ಹೊರುತ್ತಿದ್ದಾನೆ.

“ಸೇತುವೆ ಕಾಣುವ ಮೊದಲೇ ಹರಿಗೋಲು ಬಿಟ್ಟಿರೇಕೆ?” ಎಂದು ಕಟ್ಟೆಯ ಮೇಲಿದ್ದ ಊರ ಗೌಡರನ್ನು ಕೇಳಿದೆ.

“ತಮ್ಮಾ, ಈ ಕಟ್ಟೀ ಮ್ಯಾಲೆ ಹತ್ತು ಮಂದಿ ಮುಂದ ಒಂದು ಮಾತು ಆಡಿದ್ರ ನಾವು ತಪ್ಪಂಗಿಲ್ಲ. ಅದು ದಿಲ್ಲಿ ಕಟ್ಟಿ. ದೇಶದ ಮುಂದ ನಮ್ಮ ಸಾಹೇಬ್ರು ಎದ್ದು ನಿಂತು ಗುಡುಗ್ಯಾರ. ಅದು ತಪ್ಪತೈತೇನು?”

ಸಾಹೇಬರು ಎದ್ದು ನಿಂತಿರಲೇ ಇಲ್ಲ. ಅದು ಚುಕ್ಕೆ ಗುರುತಿಲ್ಲದ ಪ್ರಶ್ನೆ. ಬರೆದು ಕೊಟ್ಟದ್ದು, ಬರೆದೇ ಉತ್ತರ ಬಂದದ್ದು. ಈ ಸೇತುವೆ ರಾಜ್ಯ ಸರಕಾರದ ವಿಷಯ, ಕೇಂದ್ರದ ಮುಂದೆ ಯಾವ ಪ್ರಸ್ತಾವವೂ ಇಲ್ಲ ಎಂದು ಸಚಿವರು ಎರಡೇ ಸಾಲಿನಲ್ಲಿ ಕೈತೊಳೆದುಕೊಂಡಿದ್ದರು. ಇದನ್ನು ಹೇಳಿದೆ.

ಕೊಡ ಹೊತ್ತು ನಿಂತು ಕೇಳುತ್ತಿದ್ದ ಹೆಂಗಸೊಬ್ಬಳು ಮುಂದೆ ಬಂದಳು. ಆಕೆ ನೀಲವ್ವ, ಊರಿನ ಸೂಲಗಿತ್ತಿ. ಮಗಳು ಶಾಂತವ್ವನನ್ನು ಕೊಟ್ಟದ್ದು ಎದುರು ದಂಡೆಯ ಊರಿಗೆ. ಸೀಮಂತದ ಕುಬಸ ಮುಗಿಸಿ, ಚೊಚ್ಚಲು ಹೆರಿಗೆಗೆ ತವರಿಗೆ ಕರೆತರುವಷ್ಟರಲ್ಲಿ ಹೊಳೆ ತುಂಬಿತು. ತುಂಬಿದ ಬಸುರಿಯನ್ನು ಬಸ್ಸಿನಲ್ಲಿ ಕುಲುಕಿಸಿ ಸುತ್ತುಹಾಕಿ ಕಳಿಸಲು ಬೀಗರು ಒಪ್ಪಲಿಲ್ಲ. ಆ ಊರಿನಲ್ಲಿ ಸೂಲಗಿತ್ತಿ ಇಲ್ಲ.

“ಹಂಗಾದ್ರ ಸೇತುವೆ ಬರಂಗಿಲ್ಲ?” ಎಂದಳು.

“ಇಲ್ಲವ್ವಾ.”

“ಗೌಡ್ರ, ಯಲ್ಲಪ್ಪನ್ನ ಕರಸ್ರಿ ಮತ್ತ.”

“ಮುಂದಿನ ತಿಂಗಳ ಸಾಹೇಬ್ರಿಗೆ ಸನ್ಮಾನ ಐತಿ. ಅವರು ಬಂದಾಗ ಹೊಳ್ಯಾಗ ಹರಗೋಲ ತೇಲಿದ್ರ ನಮ್ಮ ಮರ್ಯಾದಿ ಏನು?” ಎಂದರು ಗೌಡರು.

“ಹಂಗಾರ ನಾ ಮಗಳ ಕಡಿ ಹೊಂಟೆ.”

“ಏ ನೀಲವ್ವಾ! ನಮ್ಮ ಸೊಸಿಗೂ ದಿನ ತುಂಬ್ಯಾವ. ನೀ ಹ್ವಾದ್ರ ಹೆರಗಿ ಯಾರು ಮಾಡ್ತಾರ?”

“ದಿಲ್ಲ್ಯಾಗ ಕೇಳ್ರಿ, ಗೌಡ್ರ.”

ಮರುದಿನ ಮುದ್ದೇಬಿಹಾಳದಲ್ಲಿ ನನ್ನ ಬಸ್ಸಿಗೇ ಆಕೆಯೂ ಗಂಟು ಹಿಡಿದು ಹತ್ತಿದಳು. ಆಲಮಟ್ಟಿಯಲ್ಲಿ ಇಳಿದು ಯಲ್ಲಪ್ಪನನ್ನು ಹುಡುಕಿದೆವು. ತಲೆಯ ಸಿಂಬಿ ತೆಗೆಯದೆ ಆತ ನಿಂತೇ ಮಾತನಾಡಿದ: “ಯಕ್ಕಾ, ನನ್ನ ಮೂರೂ ಮಕ್ಕಳನ್ನ ನೀನ ಹಿಡದಾಕಿ. ನಿನಗ ಇಲ್ಲ ಅನ್ನಾಕ ಬಾಯಿ ಬರವಲ್ದು. ಆದ್ರ ತೊಗಲ ಹರದೈತಿ, ಬಿದರ ಕೊಳತೈತಿ. ಹೊಸಾದು ಕಟ್ಟಾಕ ಊರು ಕೂಡಬೇಕು. ನೀ ಒಬ್ಬಾಕಿ ಬಂದ್ರ ಏನ ಮಾಡ್ಲಿ?”

ಏರುತ್ತಿದ್ದ ಅಣೆಕಟ್ಟಿನ ಗೋಡೆಯನ್ನು ನೀಲವ್ವ ನೋಡಿದಳು. “ಇಷ್ಟ ಕಲ್ಲು ಇಲ್ಲಿ ತಂದು ಹಾಕ್ರಿ ಅಂತ ಯಾರು ಕೇಳಿದ್ರಪಾ?” ಎಂದಳು. ಯಲ್ಲಪ್ಪ ಮತ್ತೆ ಕಲ್ಲಿನ ರಾಶಿಯ ಕಡೆ ನಡೆದ.

ಉಳಿದದ್ದು ರೈಲು; ಧಾರವಾಡಕ್ಕೆ ಮರಳುವ ನನಗೂ ಅದೇ ಗಾಡಿ. ಬಾಗಲಕೋಟೆಯಲ್ಲಿ ಇಳಿದು, ಎರಡು ಬಸ್ಸು ಹಿಡಿದು, ತನ್ನ ಅಂಗಳದಿಂದ ಕಣ್ಣಿಗೆ ಕಾಣುವ ಊರಿಗೆ ಆಕೆ ಹೋಗಬೇಕು. ಗಾಡಿ ಹೊಳೆ ದಾಟುವಾಗ ಆಕೆ ಕಣ್ಣು ಮುಚ್ಚಿ ಕುಳಿತಿದ್ದಳು. ನನಗೆ ಸಿಟ್ಟು ತಡೆಯಲಾಗಲಿಲ್ಲ. ಆ ಸದಸ್ಯರ ಮನೆಗೇ ಹೋಗಿ ಎದುರು ನಿಂತು ಕೇಳುತ್ತೇನೆ, ಪತ್ರಿಕೆಗೆ ಬರೆಯುತ್ತೇನೆ ಎಂದೆ.

ಬಾಗಲಕೋಟೆಯಲ್ಲಿ ಗಂಟನ್ನು ಕಂಕುಳಿಗೆ ಏರಿಸಿಕೊಂಡು ಆಕೆ ಎದ್ದಳು. “ಬ್ಯಾಡ ತಮ್ಮಾ, ನೀನೂ ಕೇಳಬ್ಯಾಡ. ಅವರು ಒಮ್ಮೆ ಕೇಳಿದ್ದಕ್ಕ ಹರಗೋಲ ಹೋತು” ಎಂದು ಇಳಿದಳು. ಗಾಡಿ ಹೊರಟಾಗ ಆಕೆ ಪ್ಲಾಟ್‌ಫಾರ್ಮಿನ ಮೇಲೆ ನಿಂತು, ಹುನಗುಂದದ ಬಸ್ಸು ಎಲ್ಲಿ ನಿಲ್ಲುತ್ತದೆಂದು ಹಮಾಲನನ್ನು ವಿಚಾರಿಸುತ್ತಿದ್ದಳು.