ಕೋವಿಯ ಗಜ ಮತ್ತು ಆಚೆಮನೆ ಅಕ್ಕ

ಕಳೆದ ತಿಂಗಳು ಬ್ರಹ್ಮಾವರದಲ್ಲಿ ಮಗಳ ಮನೆಯ ಪಕ್ಕದ ದೈವಸ್ಥಾನದಲ್ಲಿ ಪೂಜೆಯಿತ್ತು. ಗೋಡೆಯಾಚೆ ಒಬ್ಬಾತ ಕಬ್ಬಿಣದ ಗರ್ನಾಲಿಗೆ ಮದ್ದು ತುಂಬಿ, ಮೇಲೊಂದು ಹಿಡಿ ತೆಂಗಿನ ನಾರು ತುರುಕಿ ಕೋಲಿನಿಂದ ಜಡಿಯುತ್ತಿದ್ದ. ಠಕ್, ಠಕ್, ಠಕ್... ಮಗಳು ಒಳಗಿನಿಂದ, "ಅಮ್ಮ, ಕೆಮಿ ಮುಚ್ಕೊ" ಎಂದು ಕೂಗಿದಳು. ಗರ್ನಾಲು ಸಿಡಿಯಿತು, ಸುಟ್ಟ ನಾರಿನ ವಾಸನೆ ಜಗಲಿಗೆ ಬಂತು. ನಾನು ಕಿವಿ ಬಿಟ್ಟು ಮೂಗು ಮುಚ್ಚಿಕೊಂಡೆ. ಆಚೆಮನೆ ಅಕ್ಕನ ಸೆರಗಿನಿಂದ ಬರುತ್ತಿದ್ದ ವಾಸನೆ ಅದು.

ಅದು ದೊಡ್ಡ ಯುದ್ಧದ ಕಾಲ. ಬೈಂದೂರು ಕಡೆಯ ಹುಡುಗಿ ನಾನು, ಮದುವೆಯಾಗಿ ಸಿದ್ದಾಪುರದ ಕಡೆಯ ಒಂದು ಹಳ್ಳಿಗೆ ಬಂದು ಬಿದ್ದಿದ್ದೆ. ಅತ್ತೆಯ ಬಾಯಿಗೆ ಹೆದರಿ ಬಾವಿಕಟ್ಟೆಯಲ್ಲಿ ನಿಂತು ಅಳುತ್ತಿದ್ದವಳನ್ನು ಮೊದಲು ಮಾತಾಡಿಸಿದವಳೇ ಆಚೆಮನೆ ಅಕ್ಕ. ಅವಳ ಗಂಡನನ್ನು ನಾನು ಭಾವ ಅನ್ನುತ್ತಿದ್ದೆ. ನಮ್ಮ ಕೇರಿಗೆಲ್ಲ ಇದ್ದ ಒಂದೇ ಒಂದು ಕೋವಿ ಭಾವನದು.

ಅದು ಕೇಪಿನ ಕೋವಿ. ತೋಟೆ ಹಾಕಿ ಹೊಡೆಯುವಂಥದಲ್ಲ. ನಳಿಗೆಯ ಬಾಯಿಂದಲೇ ಮದ್ದು, ನಾರು, ಗುಂಡು ಒಂದೊಂದಾಗಿ ಇಳಿಸಿ ಉದ್ದನೆಯ ಕೋಲಿನಿಂದ ಜಡಿಯಬೇಕು. ಆ ಕೋಲಿಗೆ ಗಜ, ಒಂದು ಸಲ ತುಂಬಿದ್ದಕ್ಕೆ ಈಡು ಎಂದು ಹೆಸರು. ನಾನು ಬರುವ ಮೊದಲೇ ಒಂದು ಅನಾಹುತ ಆಗಿಹೋಗಿತ್ತು. ಹೊಡೆದ ಕೋವಿಯೊಳಗೆ ನಾರಿನ ಕಿಡಿ ಉಳಿದಿತ್ತಂತೆ. ಭಾವ ಅವಸರದಲ್ಲಿ ಎರಡನೇ ಈಡು ಜಡಿಯುವಾಗ ಅದು ಹಾರಿ, ಬಲಗೈಯ ಬೆರಳುಗಳೆಲ್ಲ ಹೋದವು. ಗಜ ಸಿಕ್ಕಿಸಿಡುವ ಬಳೆಗಳೂ ನಳಿಗೆಯಿಂದ ಕಿತ್ತುಹೋದವು. ಆಮೇಲೆ ಭಾವ ಎಡಗೈಯಲ್ಲಿ ಹೊಡೆಯಲು ಕಲಿತರು. ಆದರೆ ಒಂದೇ ಕೈಯಲ್ಲಿ ಈಡು ತುಂಬುವುದು ಹೇಗೆ? ಊರಿನ ಗಂಡಸರು ಮಾಂಸದ ಪಾಲಿಗೆ ಮುಂದೆ, ಆ ನಳಿಗೆಯ ಬಾಯಿಗೆ ಕೈ ಒಡ್ಡಲು ಹಿಂದೆ. ಕೊನೆಗೆ ಗಜ ಅಕ್ಕನ ಕೈಗೆ ಬಂತು.

ಹೆಂಗಸರು ಬೇಟೆಗೆ ಹೋದದ್ದನ್ನು ಯಾರೂ ಕಂಡವರಿಲ್ಲ. ಅಕ್ಕ ಹೋಗುತ್ತಿದ್ದಳು. ಸೀರೆ ಎತ್ತಿ ಕಟ್ಟಿ, ಬೈನೆ ಮರದ ಆ ಕಪ್ಪು ಗಜವನ್ನು ಹೆಗಲ ಮೇಲಿಟ್ಟುಕೊಂಡು ಭಾವನ ಹಿಂದೆ ನಡೆಯುವಳು. ಅದನ್ನು ನೆಲಕ್ಕೆ ಊರುವಂತಿರಲಿಲ್ಲ, ತುದಿಗೆ ಮರಳು ಅಂಟಿದರೆ ನಳಿಗೆ ಕೆಡುತ್ತದೆ. ಭಾವ ಕೋವಿಯ ಬುಡವನ್ನು ನೆಲಕ್ಕೊತ್ತಿ ನಳಿಗೆಯನ್ನು ಕಂಕುಳಲ್ಲಿ ಅವುಚಿ ಹಿಡಿಯುವರು. ಅಕ್ಕ ಮೊದಲು ಗಜಕ್ಕೆ ಒದ್ದೆ ಬಟ್ಟೆ ಸುತ್ತಿ ಒಳಗೆಲ್ಲ ಆಡಿಸುವಳು. ಆಮೇಲೆ ಮದ್ದು, ನಾರು, ಠಕ್ ಠಕ್. ಗಜ ತಾನೇ ಮೇಲಕ್ಕೆ ಪುಟಿದರೆ ಗಟ್ಟಿಯಾಯಿತೆಂದು ಅರ್ಥ. ಗುಂಡು ಇಳಿಸಿ, ಮೇಲೆ ಮತ್ತೆ ನಾರು ಜಡಿದು, ಗಜ ನಳಿಗೆಯ ಹೊರಗೆ ಎಷ್ಟು ನಿಂತಿದೆ ಎಂದು ಬೆರಳಿಟ್ಟು ಅಳೆಯುವಳು. ಹಂದಿಗೆ ಐದು ಬೆರಳು. ಒಮ್ಮೆ ದಪ್ಪ ಬೆರಳಿನ ನೆಂಟನೊಬ್ಬ ಧೈರ್ಯ ಮಾಡಿ ಅಳೆದು ತುಂಬಿದ್ದ, ಭಾವನ ಹೆಗಲು ವಾರವಿಡೀ ಊದಿಕೊಂಡಿತ್ತು. ಅಲ್ಲಿಂದ ಮುಂದೆ ಅಕ್ಕನ ಬೆರಳೇ ಆ ಕೋವಿಗೆ ಅಳತೆಯಾಯಿತು.

ಅವರ ಅಂಗಳದಲ್ಲಿ ಈಡು ತುಂಬುವುದನ್ನು ನಾನು ನೋಡಿದ್ದೇನೆ. ಜಡಿಯುವಾಗ ಅಕ್ಕ ಮುಖವನ್ನು ಆಚೆ ತಿರುಗಿಸಿ ಕಣ್ಣು ಗಟ್ಟಿಯಾಗಿ ಮುಚ್ಚಿಕೊಳ್ಳುತ್ತಿದ್ದಳು. ಯಾಕೆಂದು ಕೇಳಿದರೆ, "ಕೈ ಹೋಪುದಾರೆ ಹೋಯ್ಲಿ ಹೆಣೇ, ಕಣ್ಣ್ ಆರೂ ಉಳೀಲಿ ಅಂದೇಳಿ" ಎಂದು ನಕ್ಕಳು. ನನಗೆ ನಗು ಬರಲಿಲ್ಲ.

ಭಾವ ಕೆಟ್ಟವರಲ್ಲ. ಅದೇ ಕಷ್ಟ. ಕೆಟ್ಟವರಾಗಿದ್ದರೆ ಬೈದು ಹಗುರಾಗಬಹುದಿತ್ತು. ಅಕ್ಕಿ ಕಂಟ್ರೋಲಿಗೆ ಹೋಗಿ ಅಳತೆಯಲ್ಲಿ ಸಿಗುತ್ತಿದ್ದ ವರ್ಷಗಳು, ಒಂದು ಗದ್ದೆ ಹಂದಿಯ ಬಾಯಿಗೆ ಬಿದ್ದರೆ ಒಂದು ಮನೆಯ ಮಕ್ಕಳು ಗಂಜಿಯ ತಿಳಿ ಕುಡಿದು ಮಲಗಬೇಕು. "ಹ್ವಾಯ್, ಗದ್ದಿಗ್ ಹಂದಿ ಬಿದ್ದಿತ್!" ಎಂದು ಯಾರಾದರೂ ಬೇಲಿಯ ದಣಪೆಯ ಹತ್ತಿರ ನಿಂತು ಕೂಗಿದರೆ ಆಗುವುದಿಲ್ಲ ಎನ್ನಲು ಯಾರಿಗೆ ಬಾಯಿ ಬರುತ್ತದೆ? ಅಕ್ಕ ಅರೆಯುತ್ತಿದ್ದ ಹಿಟ್ಟನ್ನು ಅರ್ಧಕ್ಕೇ ಬಿಟ್ಟು ಏಳುವಳು. ತೆಕ್ಕಟ್ಟೆಯ ತವರಿಗೆ ಅರ್ಧ ದಿನದ ದಾರಿ. ಅಲ್ಲಿ ತಾಯಿಗೆ ಹುಷಾರಿರಲಿಲ್ಲ. ಆದರೂ ಅಕ್ಕ ಹೊಸ ಅಕ್ಕಿಯ ಹೊಸ್ತಿಗೆ ಹೋಗಲಿಲ್ಲ, ದೀಪಾವಳಿಗೂ ಹೋಗಲಿಲ್ಲ. ಬೆಳೆ ಇರುವಾಗ ಗಜ ಬಿಟ್ಟು ಹೋಗುವಂತಿಲ್ಲ, ಬೆಳೆ ಇಲ್ಲದಾಗ ಹಂದಿ ಗೆಣಸಿಗೆ ಬರುತ್ತದೆ.

ಅವಳಿಗೆ ಬಿಡುವು ಎಂದರೆ ತಿಂಗಳಲ್ಲಿ ಮೂರು ದಿನ. ಮುಟ್ಟಾದ ಹೆಂಗಸು ಕೋವಿಯ ನೆರಳಿಗೂ ಹೋಗಬಾರದು, ಇನ್ನೊಂದು ಮನೆಯ ಮೆಟ್ಟಿಲೂ ಹತ್ತಬಾರದು. ದನದ ಹಟ್ಟಿಯ ಮಗ್ಗುಲ ಜಗಲಿಯಲ್ಲಿ ಚಾಪೆ ಹಾಕಿ ಕಾಲು ಚಾಚಿ ಕೂರುವಳು. ನಾನು ದೂರದಿಂದ ಗಂಜಿ ಇಡಲು ಹೋದರೆ ಅಲ್ಲೇ ನಿಲ್ಲಿಸಿ ಹರಟೆ, ನನ್ನ ಅತ್ತೆ ನಡೆಯುವ ಹಾಗೆ ನಡೆದು ತೋರಿಸುವುದು, ನಗು. ಕೆಲವು ತಿಂಗಳು ಎರಡು ಸಲ ಕೂರುತ್ತಿದ್ದಳು. ನಾನು ಹುಬ್ಬೇರಿಸಿದರೆ, "ಸುಮ್ನಿರ್ ಮರಾಯ್ತಿ, ಇದನ್ನ ಲೆಕ್ಕ ಇಡುಕೆ ಗಂಡ್ಸ್ರಿಗ್ ಗೊತ್ತಿಲ್ಲೆ" ಅನ್ನುವಳು.

ಒಂದು ಬೆಳಿಗ್ಗೆ ಹಾಗೇ ಕೂತಿದ್ದಳು. ಹಂದಿ ಹತ್ತಿರದ ಹಾಡಿಯ ಪೊದೆಗಳೊಳಗೆ ಹೊಕ್ಕು ಮಲಗಿದೆ ಎಂದು ಜನ ಸುತ್ತುವರಿದು ನಿಂತಿದ್ದರು. ಕೋವಿ ಅಂಗಳದಲ್ಲಿತ್ತು. ಯಾರು ಈಡು ತುಂಬುತ್ತೀರಿ ಎಂದು ಭಾವ ಕೇಳಿದರೆ ಎಲ್ಲರೂ ನೆಲ ನೋಡಿದರು. ಅಷ್ಟರಲ್ಲಿ ತೆಕ್ಕಟ್ಟೆಯಿಂದ ರಾತ್ರಿಯೇ ಹೊರಟಿದ್ದ ಒಬ್ಬ ಆಳು ಬಂದ. ಅಕ್ಕನ ತಾಯಿಗೆ ಜೋರಾಗಿದೆ, ಮಗಳು ಕೂಡಲೇ ಹೊರಡಬೇಕಂತೆ.

"ಅವ್ಳ್ ಹೊರಗಿದ್ಲ್ ಮರಾಯಾ" ಎಂದರು ಭಾವ. "ಮಿಂದ್ಕಂಡ್ ನಾಕನೇ ದಿನ ಬತ್ಲ್ ಅಂದೇಳ್."

ಆಳು ಬೆಲ್ಲ ನೀರು ಕುಡಿದು ಬಂದ ದಾರಿ ಹಿಡಿದ. ನಾನು ಹಟ್ಟಿಯ ಕಡೆ ಓಡಿ ಅಕ್ಕನಿಗೆ ಹೇಳಿದೆ. ಅವಳು ಬಾಯಿ ಬಿಟ್ಟರೆ ಇಷ್ಟು ದಿನದ ಗುಟ್ಟು ರಟ್ಟು, ಬಿಡದಿದ್ದರೆ ತಾಯಿಯ ಮುಖ ಇಲ್ಲ. ಎದ್ದು ನೇರ ಅಂಗಳಕ್ಕೆ ಬಂದು, ಅಷ್ಟು ಗಂಡಸರ ಎದುರು ಹೇಳಿಬಿಟ್ಟಳು.

"ಹ್ವಾಯ್, ನಾನ್ ಹೊರಗಿಲ್ಲೆ. ಸುಳ್ಳ್ ಹೇಳಿದ್ದೆ. ನಂಗೆ ತೆಕ್ಕಟ್ಟಿಗ್ ಹೋಯ್ಕ್."

ಯಾರೋ ಕಿಸಕ್ಕೆಂದರು. ಭಾವ ಅವಳನ್ನು ನೋಡಿದರು, ಹಾಡಿಯ ಕಡೆ ನೋಡಿದರು. "ಹಂಗಾರೆ ಗಜ ತಕೋ" ಎಂದರು. "ಒಂದ್ ಈಡ್ ಹಾಕಿ ಕೊಟ್ಟ್ ಹೋಗ್. ನಾನ್ ತಡೂದಿಲ್ಲೆ."

ಆ ಮಾತು ಕೇಳಿ ನನ್ನ ಮೈ ಉರಿದುಹೋಯಿತು. ಅಕ್ಕ ಗಜ ತೆಗೆದುಕೊಂಡಳು.

ಒಂದೇ ಈಡಿಗೆ ಮುಗಿದಿದ್ದರೆ ಓಡಿಹೋಗಿ ಆ ಆಳನ್ನು ದಾರಿಯಲ್ಲೇ ಹಿಡಿಯುತ್ತಿದ್ದಳೇನೋ... ಗುಂಡು ಹಂದಿಯ ತೊಡೆಗೆ ತಾಗಿತು. ಗಾಯದ ಹಂದಿಯನ್ನು ಹಾಡಿಯಲ್ಲಿ ಬಿಟ್ಟರೆ ಮರುದಿನ ಸೊಪ್ಪಿಗೆ ಹೋದವರನ್ನು ಸೀಳುತ್ತದೆ. ಬೇಟೆಗಾರ ಹೊಡೆದು ಮುಗಿಸಲೇಬೇಕು, ಈಡು ಹಾಕುವವಳು ಜೊತೆಗಿರಲೇಬೇಕು. ಎರಡನೇ ಈಡು, ಮೂರನೆಯದು. ಹಂದಿ ಬೀಳುವಾಗ ಹೊತ್ತು ನೆತ್ತಿಯಿಂದ ವಾಲಿತ್ತು. ಅಕ್ಕ ಗಜವನ್ನು ಭಾವನ ಎಡಗೈಗೆ ಕೊಟ್ಟು, ಕೈ ಕೂಡ ತೊಳೆಯದೆ ನಡೆದಳು.

ತೆಕ್ಕಟ್ಟೆ ಮುಟ್ಟುವಾಗ ಕತ್ತಲಾಗಿತ್ತು. ತಾಯಿ ಮಧ್ಯಾಹ್ನ ಇಳಿಯುವಾಗಲೇ ಹೋಗಿದ್ದಳು. ಮಗಳು ಹೇಗೂ ಬರುವ ಹಾಗಿಲ್ಲ ಎಂದು ಆಳು ಹೇಳಿದ್ದರಿಂದ ಯಾರೂ ಕಾಯಲಿಲ್ಲ, ಸುಟ್ಟುಬಿಟ್ಟಿದ್ದರು.

ಸೂತಕ ಕಳೆದು ಬಂದ ಮೇಲೆ ಬಾವಿಕಟ್ಟೆಯಲ್ಲಿ ಅಕ್ಕ ನನಗೆ ಹೇಳಿದ್ದು ಇಷ್ಟು. ಆಳು ಹಿಂದಿರುಗಿದಾಗ ತಾಯಿಗೆ ಇನ್ನೂ ಮಾತಿತ್ತಂತೆ. ಬಂದಳಾ ಎಂದು ಕೇಳಿದಳಂತೆ. ಹೊರಗಾಗಿದ್ದಾಳೆ ಎಂದರಂತೆ. ತಾಯಿ ಕಣ್ಣು ಮುಚ್ಚಿಕೊಂಡೇ, "ಕೂಕಣ್ಲಿ ಬಿಡಿ. ಆ ಹೆಣ್ಣಿಗ್ ಅದೊಂದೇ ಪುರ್ಸೊತ್ತ್" ಎಂದಳಂತೆ. ಇದನ್ನು ಹೇಳಿ ಅಕ್ಕ ಕೊಡವನ್ನು ಅಲ್ಲೇ ಇಟ್ಟು ಅತ್ತಳು. ನಾನೂ ಅತ್ತೆ.

ಆಮೇಲೆ ಅವಳು ನಿಜಕ್ಕೂ ಹೊರಗೆ ಕೂತಾಗಲೂ ಗಂಡಸರು ದಣಪೆಯಲ್ಲಿ ನಿಂತು "ಖರೆಯಾ?" ಎಂದು ನಗುತ್ತಿದ್ದರು. ಭಾವ ಒಮ್ಮೊಮ್ಮೆ ನನ್ನ ಅತ್ತೆಯನ್ನೇ ವಿಚಾರಿಸಲು ಕಳಿಸುತ್ತಿದ್ದರು. ಒಂದು ತಿಂಗಳಲ್ಲಿ ಎರಡನೇ ಸಲ ಚಾಪೆ ಹಾಕಿದ್ದನ್ನು ನಾನು ಮತ್ತೆ ಕಾಣಲಿಲ್ಲ.

ಎಷ್ಟೋ ವರ್ಷದ ನಂತರ ಭಾವ ತೀರಿಕೊಂಡರು, ಕೋವಿ ಪೊಲೀಸ್ ಸ್ಟೇಷನ್ನಿಗೆ ಹೋಯಿತು. ನಾನು ನೋಡಲು ಹೋದಾಗ ಅಕ್ಕನ ತಲೆ ಪೂರ್ತಿ ಬೆಳ್ಳಗಾಗಿತ್ತು. "ಅಕ್ಕ, ಇನ್ನಾರೂ ತೆಕ್ಕಟ್ಟಿಗ್ ಹೋಯಿ ನಾಕ್ ದಿನ ಕೂಕಂಡ್ ಬಾ" ಎಂದೆ.

"ಅಲ್ಲ್ ಈಗ ಯಾರಿದ್ರ್ ಹೆಣೇ, ಕೂಕೊ ಅಂಬುಕೆ?"

ಈಗ ಅಕ್ಕನೂ ಇಲ್ಲ. ಸುದ್ದಿ ನನಗೆ ತಲುಪುವಾಗ ಎಲ್ಲ ಮುಗಿದಿತ್ತು, ಮುಖ ನೋಡುವ ಯೋಗ ನನಗೂ ಬರಲಿಲ್ಲ. ಮೊಮ್ಮಗಳು, ಹೆಂಗಸರನ್ನು ಹೊರಗೆ ಕೂರಿಸುತ್ತಿದ್ದರಂತಲ್ಲ, ಎಂಥ ಅನ್ಯಾಯ ಅಜ್ಜಿ ಎನ್ನುತ್ತಾಳೆ. ಅನ್ಯಾಯವೇ, ಹೌದು ಎನ್ನುತ್ತೇನೆ. ಆ ಅನ್ಯಾಯವನ್ನೂ ಒಬ್ಬಳು ಬಿಡುವೆಂದು ಕದ್ದು ಕದ್ದು ತಿನ್ನಬೇಕಾಗಿತ್ತು ಎಂದು ಅವಳಿಗೆ ಹೇಗೆ ಹೇಳಲಿ... ಹೇಳಲು ಹೊರಟರೆ ನನಗೆ ಅಳು ಬರುತ್ತದೆ.