ಸತ್ತಿಯ ಹೊಲದಲ್ಲಿ ನಾನು ಕಂಡ ಕೋಟೆ

ಎಂಬತ್ತರ ದಶಕದ ಕೊನೆಯಲ್ಲಿ ನಾನು ಅಥಣಿಯ ಕಾಲೇಜೊಂದರಲ್ಲಿ ಇತಿಹಾಸ ಕಲಿಸುತ್ತಿದ್ದೆ. ನೀರಾವರಿ ಕೆಲಸಕ್ಕೆಂದು ವಿಮಾನದಿಂದ ತೆಗೆದಿದ್ದ ಕೆಲವು ಹಳೆಯ ಫೋಟೊಗಳನ್ನು ನನ್ನ ಗುರುಗಳು ನೋಡಲು ಕೊಟ್ಟಿದ್ದರು. ನೆಲದೊಳಗೆ ಗೋಡೆಯ ಬುನಾದಿ ಇದ್ದಲ್ಲಿ ಬೇರು ಇಳಿಯದೆ ಬೆಳೆ ಸೊರಗುತ್ತದೆ. ಮುಚ್ಚಿಹೋದ ಕಂದಕವಿದ್ದಲ್ಲಿ ತೇವ ಉಳಿದು ದಟ್ಟವಾಗಿ ಬೆಳೆಯುತ್ತದೆ. ಹೊಲದಲ್ಲಿ ನಿಂತವರಿಗೆ ಕಾಣದ ಈ ವ್ಯತ್ಯಾಸ ಮೇಲಿನಿಂದ ಗೆರೆ ಎಳೆದ ಹಾಗೆ ಕಾಣುತ್ತದೆ ಎಂದು ಅವರೇ ಕಲಿಸಿದ್ದರು.

ಸತ್ತಿ ಎಂಬ ಊರಿನ ಹೊಳೆದಂಡೆಯ ಜೋಳದ ಹೊಲವೊಂದರಲ್ಲಿ ಅಂಥ ಗೆರೆ ನನಗೆ ಸಿಕ್ಕಿತು. ಭೂತಗನ್ನಡಿ ಹಿಡಿದು ನೋಡಿದೆ. ಮೂರು ಬದಿಗೆ ಕಪ್ಪು ಪಟ್ಟಿ, ಒಳಗೆ ಬಿಳಿಚಿದ ಸಣ್ಣ ಚೌಕಗಳು. ಕಂದಕವಿರುವ ಕೋಟೆಯೇ ಸರಿ ಎಂದುಕೊಂಡೆ.

ಭಾನುವಾರ ಫೋಟೊ ಹಿಡಿದು ಹೊಲಕ್ಕೆ ಹೋದೆ. ಹೊಲದ ಧಣಿ ಹಿಗ್ಗಿ ಚಹಾ ತರಿಸಿದರು. ಸಾಲಿನಲ್ಲಿ ಕಳೆ ತೆಗೆಯುತ್ತಿದ್ದ ವಯಸ್ಸಾದ ಹೆಂಗಸೊಬ್ಬಳು ನಮ್ಮ ಮಾತು ಕೇಳಿಸಿಕೊಂಡು ಎದ್ದು ಬಂದಳು.

"ಸಾಹೇಬ್ರ, ಅಲ್ಲಿ ನಮ್ಮ ಕೇರಿ ಇತ್ರಿ. ಹೊಳಿ ಬಂದು ಎಲ್ಲಾ ಬಿದ್ದು ಹೋತು. ಆಮ್ಯಾಲ ನಾವು ಮ್ಯಾಲಿನ ದಿಬ್ಬಕ್ಕ ಹೋದ್ವಿ."

"ಏ ಮುದುಕಿ, ನಿನ್ನ ಕೆಲಸಾ ನೀ ನೋಡ ಬೇ. ಸಾಹೇಬ್ರು ವಿಮಾನದ ಫೋಟೊದಾಗ ನೋಡ್ಯಾರ," ಎಂದರು ಧಣಿ.

ನಾನು ನಕ್ಕೆ. "ಇದು ಕೇರಿ ಅಲ್ಲಜ್ಜಿ, ರಾಜರ ಕಾಲದ್ದು," ಎಂದೆ. ಅವಳು ಕಳೆ ಕೀಳುವ ಕುರ್ಚಿಗೆಯನ್ನು ಸೆರಗಿಗೆ ಒರೆಸಿಕೊಂಡು ಸಾಲಿಗೆ ಮರಳಿದಳು.

ಸುಗ್ಗಿ ಮುಗಿದ ಮೇಲೆ, ನನ್ನ ಪತ್ರಗಳ ಕಾಟಕ್ಕೆ, ಪುರಾತತ್ವ ಇಲಾಖೆಯ ಅಧಿಕಾರಿಯೊಬ್ಬರು ಬಂದು ಗುಂಡಿ ತೋಡಿಸಿದರು. ಮೊಣಕಾಲಾಳಕ್ಕೇ ಬುನಾದಿ ಸಿಕ್ಕಿತು. ಜೊತೆಗೆ ಒಲೆಯ ಬೂದಿ, ಒಡೆದ ಬೀಸುಕಲ್ಲು, ಗಾಜಿನ ಬಳೆಚೂರು, ಲಾಟೀನಿನ ತುಕ್ಕು ಹಿಡಿದ ಬುಡ್ಡಿ. ಯಾವ ರಾಜನೂ ಇರಲಿಲ್ಲ.

ಅಧಿಕಾರಿ ಬುಡ್ಡಿಯನ್ನು ತಿರುಗಿಸಿ ನೋಡುತ್ತ ಕೇಳಿದರು: "ಊರವರನ್ನು ಒಮ್ಮೆ ವಿಚಾರಿಸಲಿಲ್ಲವೇ?"

"ವಿಚಾರಿಸಿದೆ ಸರ್. ಯಾರಿಗೂ ಏನೂ ಗೊತ್ತಿರಲಿಲ್ಲ."

ತೋಡುವ ಕೂಲಿಗೆ ಬಂದಿದ್ದ ಅದೇ ಅಜ್ಜಿ ಮಣ್ಣಿನ ಬುಟ್ಟಿ ಹೊತ್ತು ನಾಲ್ಕು ಹೆಜ್ಜೆ ಆಚೆಗೇ ನಿಂತಿದ್ದಳು. ನನ್ನ ಮುಖ ನೋಡಿದಳು. ಬುಟ್ಟಿ ಸುರಿದು ಬಂದಳು. ಧಣಿ ಗುಂಡಿಯತ್ತ ತಿರುಗಿದರು. ನಾನು ಆಡಿದ ಮಾತನ್ನು ತಿದ್ದಿಕೊಳ್ಳಲಿಲ್ಲ.

ಮರುವಾರ ಅವಳ ಮನೆ ಹುಡುಕಿಕೊಂಡು ಹೋದೆ. ತಪ್ಪಾಯಿತು ಎನ್ನಲು ಹೋದವನು ತಡವರಿಸಿದೆ.

"ಇರ್ಲಿ ಬಿಡ್ರಿ. ಕುಂದರ್ರಿ," ಎಂದು ಚಾಪೆ ಹಾಸಿದಳು. ಫೋಟೊ ಕೊಟ್ಟೆ. ಹೊಳೆ ಯಾವ ಕಡೆ ಎಂದು ಕೇಳಿ ತಿಳಿದು, ಅದನ್ನು ತಿರುಗಿಸಿ ಹಿಡಿದಳು. ಆಮೇಲೆ ಬೆರಳು ಎಲ್ಲೂ ತಪ್ಪಲಿಲ್ಲ. "ಇದು ನಮ್ಮ ಮಾವಂದು. ಇದು ನಮ್ಮ ಅತ್ತಿ ತಂಗೀದು. ಈ ಕರೀ ಗೆರಿ ಐತಲ್ರಿ, ಮಳಿನೀರು ಮನ್ಯಾಗ ಬರಬಾರದಂತ ನಮ್ಮ ಗಂಡಸರು ತೋಡಿದ ಕಾಲವಿ." ಒಂದು ಬಿಳಿಚಿದ ಚೌಕದ ಮೇಲೆ ಬೆರಳು ನಿಂತಿತು. "ಇಲ್ಲೇ ನನ್ನ ಹಿರೀ ಮಗಳು ಹುಟ್ಟಿದ್ದು."

ನಾನು ಎಲ್ಲವನ್ನೂ ಬರೆದುಕೊಂಡೆ. ಆದರೆ ಅಧಿಕಾರಿಗೆ ಸತ್ಯ ತಿಳಿಸುವ ಪತ್ರವನ್ನು ಹಾಕಿದ್ದು ಮೂರು ವರ್ಷ ಕಳೆದ ಮೇಲೆ. ಅಷ್ಟರಲ್ಲಿ ಅವರಿಗೆ ವರ್ಗವಾಗಿತ್ತು, ವರದಿ ಅಚ್ಚಾಗಿತ್ತು. ಸ್ಥಳೀಯರಿಗೆ ಈ ಜಾಗದ ಬಗ್ಗೆ ಯಾವ ತಿಳಿವಳಿಕೆಯೂ ಇರಲಿಲ್ಲ ಎಂಬ ಸಾಲು ಅದರಲ್ಲಿದೆ. ಅದು ನನ್ನ ಬಾಯಿಂದ ಬಂದದ್ದು.